ಮುಟ್ಟಿನ ಪೂರ್ವ ಲಕ್ಷಣಗಳ ಶಮನಕ್ಕೆ ವ್ಯಾಯಾಮ ಮತ್ತು ಯೋಗ

ಋತುಸ್ರಾವ ಆರಂಭವಾಗುವ ಮುಂಚಿನ ಒಂದೆರಡು ವಾರಗಳಲ್ಲಿ ಅನೇಕ ಮಹಿಳೆಯರನ್ನು ಕಾಡುವ ದೈಹಿಕ ಹಾಗೂ ಮಾನಸಿಕ ತೊಂದರೆಗಳನ್ನು ಒಟ್ಟಾಗಿ ಮುಟ್ಟಿನ ಪೂರ್ವ ಲಕ್ಷಣಕೂಟ ಎಂದು ಕರೆಯಲಾಗುತ್ತದೆ. ಆಡುಮಾತಿನಲ್ಲಿ ಇದಕ್ಕೆ ಪಿಎಂಎಸ್ ಎಂಬ ಹ್ರಸ್ವರೂಪವೇ ಹೆಚ್ಚು ಪರಿಚಿತ. ಈ ತೊಂದರೆಗಳನ್ನು ತಗ್ಗಿಸಲು ಔಷಧಕ್ಕೆ ಮೊದಲು, ಇಲ್ಲವೇ ಔಷಧದ ಜೊತೆಗೆ, ವೈದ್ಯರು ಸೂಚಿಸುವ ಕ್ರಮಗಳಲ್ಲಿ ನಿಯಮಿತ ವ್ಯಾಯಾಮವು ಪ್ರಮುಖವಾದುದು. ಯೋಗಾಸನ, ಪ್ರಾಣಾಯಾಮ ಮತ್ತು ವಿಶ್ರಾಂತಿ ವಿಧಾನಗಳನ್ನೂ ಇದೇ ಉದ್ದೇಶಕ್ಕೆ ಬಳಸಲಾಗುತ್ತದೆ. ಇವುಗಳಿಂದ ಲಕ್ಷಣಗಳು ಸ್ವಲ್ಪಮಟ್ಟಿಗೆ ಇಳಿಯುತ್ತವೆ ಎಂದು ಈವರೆಗಿನ ಪ್ರಯೋಗಗಳು ತೋರಿಸಿವೆ. ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಿನವು ಚಿಕ್ಕವು. ತೀವ್ರ ಸ್ವರೂಪದ ತೊಂದರೆಗೆ ವ್ಯಾಯಾಮವಾಗಲೀ ಯೋಗವಾಗಲೀ ಚಿಕಿತ್ಸೆಗೆ ಬದಲಿಯಲ್ಲ.

ಲಕ್ಷಣಗಳು ಮತ್ತು ಗುರುತಿಸುವಿಕೆ

ಹೊಟ್ಟೆ ಉಬ್ಬರ, ಸ್ತನಗಳಲ್ಲಿ ಬಿಗಿತ ಮತ್ತು ನೋವು, ತಲೆನೋವು, ಸೊಂಟನೋವು, ಆಯಾಸ, ನಿದ್ರಾಭಂಗ, ಸಿಹಿ ಅಥವಾ ಉಪ್ಪಿನ ಪದಾರ್ಥಗಳ ಮೇಲೆ ಅತಿಯಾದ ಆಸೆ ಇವು ಸಾಮಾನ್ಯವಾಗಿ ಕಂಡುಬರುವ ದೈಹಿಕ ಲಕ್ಷಣಗಳು. ಸಿಡುಕು, ಕಾರಣವಿಲ್ಲದೆ ಅಳು ಬರುವುದು, ಆತಂಕ, ಮಂಕುತನ ಮತ್ತು ಏಕಾಗ್ರತೆಯ ಕೊರತೆ ಮನಸ್ಸಿಗೆ ಸಂಬಂಧಿಸಿದವು. ಪಟ್ಟಿಯಲ್ಲಿರುವ ಯಾವ ಒಂದು ಲಕ್ಷಣವೂ ಈ ಸ್ಥಿತಿಗೆ ವಿಶಿಷ್ಟವಾದುದಲ್ಲ. ಇದನ್ನು ಗುರುತಿಸುವುದು ಲಕ್ಷಣಗಳ ಬಗೆಯಿಂದಲ್ಲ, ಅವು ಬರುವ ಮತ್ತು ಹೋಗುವ ಕಾಲದಿಂದ. ಅಂಡೋತ್ಸರ್ಗದ ನಂತರ ಅವು ಕಾಣಿಸಿಕೊಳ್ಳುತ್ತವೆ, ಸ್ರಾವ ಆರಂಭವಾದ ಕೆಲವೇ ದಿನಗಳಲ್ಲಿ ಮಾಯವಾಗುತ್ತವೆ, ಮುಂದಿನ ಅಂಡೋತ್ಸರ್ಗದವರೆಗೆ ಮರಳಿ ಬರುವುದಿಲ್ಲ. ತಿಂಗಳಿಡೀ ಇರುವ ಖಿನ್ನತೆ ಅಥವಾ ಆತಂಕವು ಮುಟ್ಟಿನ ಮೊದಲು ಉಲ್ಬಣಿಸುವುದೂ ಉಂಟು. ಅದು ಬೇರೆ ಸ್ಥಿತಿ, ಅದರ ಚಿಕಿತ್ಸೆಯೂ ಬೇರೆ. ಹೀಗಾಗಿ ಕನಿಷ್ಠ ಎರಡು ಋತುಚಕ್ರಗಳ ಕಾಲ ದಿನವೂ ಲಕ್ಷಣಗಳನ್ನು ಬರೆದಿಡುವಂತೆ ವೈದ್ಯರು ಸೂಚಿಸುತ್ತಾರೆ. ನೆನಪಿನಿಂದ ಹೇಳಿದ ವಿವರಕ್ಕೂ ದಿನಚರಿಯ ವಿವರಕ್ಕೂ ಅನೇಕ ವೇಳೆ ತಾಳೆಯಾಗುವುದಿಲ್ಲ.

ಮುಟ್ಟಿನ ದಿನಗಳಲ್ಲಿ ಕಿಬ್ಬೊಟ್ಟೆಯಲ್ಲಿ ಕಾಣಿಸುವ ಸೆಳೆತದ ನೋವನ್ನು ಇದರೊಂದಿಗೆ ಬೆರೆಸುವುದು ಸಾಮಾನ್ಯ. ಮುಟ್ಟುನೋವಿಗೆ ಮುಖ್ಯ ಕಾರಣ ಗರ್ಭಕೋಶದಲ್ಲಿ ಉತ್ಪತ್ತಿಯಾಗುವ ಪ್ರೊಸ್ಟಾಗ್ಲಾಂಡಿನ್‌ಗಳು. ಮುಟ್ಟಿನ ಪೂರ್ವ ಲಕ್ಷಣಗಳ ಮೂಲ ಬೇರೆ. ಎರಡೂ ಒಬ್ಬರಲ್ಲೇ ಇರಬಹುದಾದರೂ, ಒಂದರ ಮೇಲೆ ನಡೆದ ಅಧ್ಯಯನವನ್ನು ಇನ್ನೊಂದಕ್ಕೆ ಪುರಾವೆಯಾಗಿ ತೋರಿಸುವುದು ಜನಪ್ರಿಯ ಆರೋಗ್ಯ ಬರಹಗಳಲ್ಲಿ ಮತ್ತೆ ಮತ್ತೆ ಕಂಡುಬರುವ ದೋಷ.

ಸಣ್ಣಪುಟ್ಟ ಲಕ್ಷಣಗಳು ಮುಟ್ಟಾಗುವ ಬಹುಪಾಲು ಮಹಿಳೆಯರಲ್ಲಿ ಇರುತ್ತವೆ. ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವಷ್ಟು ತೊಂದರೆ ಇರುವವರ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಕೆಲಸ, ಸಂಬಂಧ, ಕೆಲವೊಮ್ಮೆ ಜೀವವನ್ನೇ ಅಪಾಯಕ್ಕೆ ಒಡ್ಡುವಷ್ಟು ತೀವ್ರವಾದ ರೂಪವನ್ನು ಮುಟ್ಟಿನ ಪೂರ್ವ ಡಿಸ್ಫೋರಿಕ್ ಅಸ್ವಸ್ಥತೆ ಎನ್ನಲಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಇದನ್ನು ಖಿನ್ನತೆಯ ಕಾಯಿಲೆಗಳ ಗುಂಪಿನಲ್ಲಿ ಸೇರಿಸಲಾಯಿತು.

ಹೆಸರಿನ ಹಿನ್ನೆಲೆ

ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ರಾಬರ್ಟ್ ಫ್ರ್ಯಾಂಕ್ 1931ರಲ್ಲಿ ಈ ಸ್ಥಿತಿಯನ್ನು ‘ಮುಟ್ಟಿನ ಪೂರ್ವ ಉದ್ವೇಗ’ ಎಂಬ ಅರ್ಥದ ಹೆಸರಿನಿಂದ ವರ್ಣಿಸಿದರು. ಉದ್ವೇಗವೊಂದೇ ಇದರ ಲಕ್ಷಣವಲ್ಲ ಎಂದು ವಾದಿಸಿದ ಬ್ರಿಟನ್ನಿನ ವೈದ್ಯೆ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಅವರು 1953ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಲೇಖನದ ಮೂಲಕ ಈಗಿನ ಹೆಸರನ್ನು ಬಳಕೆಗೆ ತಂದರು.

ಕನ್ನಡದಲ್ಲಿ ಮುಟ್ಟಿನ ದಿನಗಳನ್ನು ಸೂಚಿಸಲು ‘ಹೊರಗಾಗುವುದು’, ‘ದೂರ ಕೂರುವುದು’, ‘ರಜೆ’ ಮುಂತಾದ ಮರೆಮಾತುಗಳು ಧಾರಾಳವಾಗಿವೆ. ಅವೆಲ್ಲವೂ ಸ್ರಾವದ ದಿನಗಳಿಗೆ, ಅಂದರೆ ಮನೆಯವರಿಗೆ ತಿಳಿಯುವ ದಿನಗಳಿಗೆ, ಸಂಬಂಧಿಸಿದವು. ಅದರ ಹಿಂದಿನ ವಾರದ ಸಂಕಟಕ್ಕೆ ಅಷ್ಟು ಬಳಕೆಯ ಮಾತು ಬೆಳೆದಿಲ್ಲ. ಆ ದಿನಗಳ ಸಿಡುಕು ಬಹಳ ಕಾಲ ಸ್ವಭಾವದ ದೋಷವೆಂದೇ ಎಣಿಸಲ್ಪಟ್ಟಿತು.

ಕಾರಣ

ಈ ಲಕ್ಷಣಗಳು ಹಾರ್ಮೋನುಗಳ ‘ಏರುಪೇರಿನಿಂದ’ ಉಂಟಾಗುತ್ತವೆ ಎಂಬ ಮಾತು ಪ್ರಚಲಿತವಾಗಿದೆಯಾದರೂ ಅದು ಪೂರ್ತಿ ಸರಿಯಲ್ಲ. ಲಕ್ಷಣಗಳಿರುವವರಲ್ಲಿಯೂ ಇಲ್ಲದವರಲ್ಲಿಯೂ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರೋನ್ ಪ್ರಮಾಣ ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿರುತ್ತದೆ. ಪೀಟರ್ ಶ್ಮಿಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂಡಾಶಯದ ಚಟುವಟಿಕೆಯನ್ನು ಔಷಧದಿಂದ ತಡೆದಾಗ ಅನೇಕ ರೋಗಿಗಳ ಲಕ್ಷಣಗಳು ಇಳಿದವು. ಅನಂತರ ಸಹಜ ಮಟ್ಟದ ಹಾರ್ಮೋನುಗಳನ್ನು ನೀಡಿದಾಗ ಅವರಲ್ಲಿ ಲಕ್ಷಣಗಳು ಮರಳಿದವು. ಈ ತೊಂದರೆಯಿಲ್ಲದ ಮಹಿಳೆಯರಿಗೆ ಅದೇ ಹಾರ್ಮೋನುಗಳನ್ನು ಕೊಟ್ಟಾಗ ಮನಃಸ್ಥಿತಿಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಸಹಜ ಏರಿಳಿತಕ್ಕೆ ಕೆಲವರ ಮಿದುಳು ತೋರುವ ಭಿನ್ನ ಸಂವೇದನೆಯೇ ಮೂಲ ಎಂಬ ತಿಳಿವಳಿಕೆಗೆ ಈ ಪ್ರಯೋಗ ಬಲ ನೀಡಿತು.

ಪ್ರೊಜೆಸ್ಟೆರೋನ್ ದೇಹದಲ್ಲಿ ವಿಭಜನೆಗೊಂಡಾಗ ಅಲೋಪ್ರೆಗ್ನನೊಲೋನ್ ಎಂಬ ಪದಾರ್ಥ ಉಂಟಾಗುತ್ತದೆ. ಇದು ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ನರವಾಹಕದ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಕೆಲವು ಮಹಿಳೆಯರಲ್ಲಿ ಈ ವ್ಯವಸ್ಥೆ ನಿರೀಕ್ಷಿತ ರೀತಿಯಲ್ಲಿ ಹೊಂದಿಕೊಳ್ಳುವುದಿಲ್ಲವೆಂದು ಭಾವಿಸಲಾಗಿದೆ. ಸೆರೊಟೋನಿನ್‌ನ ಪಾತ್ರವೂ ಇದೆ. ಅದರ ಲಭ್ಯತೆ ಹೆಚ್ಚಿಸುವ ಔಷಧಗಳು ತೀವ್ರ ರೂಪದಲ್ಲಿ ಪರಿಣಾಮಕಾರಿಯಾಗಿರುವುದು ಇದಕ್ಕೆ ಆಧಾರ.

ವ್ಯಾಯಾಮ

ನಡಿಗೆ, ಓಟ, ಈಜು, ಸೈಕಲ್ ಸವಾರಿ, ನೃತ್ಯ ಮೊದಲಾದ, ಉಸಿರಾಟ ಮತ್ತು ಹೃದಯಬಡಿತವನ್ನು ಕೆಲಕಾಲ ಏರಿಸಿ ಹಿಡಿಯುವ ಏರೋಬಿಕ್ ವ್ಯಾಯಾಮಗಳ ಮೇಲೆ ಹೆಚ್ಚಿನ ಅಧ್ಯಯನಗಳು ನಡೆದಿವೆ. ಕೆನಡಾದ ಜೆರಿಲಿನ್ ಪ್ರಯರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಆರು ತಿಂಗಳ ಅಧ್ಯಯನದಲ್ಲಿ, ಕ್ರಮವಾಗಿ ತರಬೇತಿ ಪಡೆದ ಮಹಿಳೆಯರಲ್ಲಿ ಮುಟ್ಟಿನ ಮೊದಲಿನ ತೊಂದರೆಗಳು ಕಡಿಮೆಯಾದುದನ್ನು ಗುರುತಿಸಲಾಯಿತು. ಸ್ಟೀಜ್ ಮತ್ತು ಬ್ಲೂಮೆಂಥಾಲ್ ಅವರ 1993ರ ಅಧ್ಯಯನವು ಏರೋಬಿಕ್ ವ್ಯಾಯಾಮವನ್ನು ಸ್ನಾಯುಬಲ ತರಬೇತಿಯೊಂದಿಗೆ ಹೋಲಿಸಿತು. ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡಿತಾದರೂ, ಏರೋಬಿಕ್ ಗುಂಪಿನಲ್ಲಿ, ವಿಶೇಷವಾಗಿ ಖಿನ್ನತೆಯ ವಿಷಯದಲ್ಲಿ, ಅದು ಹೆಚ್ಚಾಗಿತ್ತು. ಇವೆರಡರಲ್ಲಿಯೂ ಭಾಗವಹಿಸಿದವರ ಸಂಖ್ಯೆ ಬಹಳ ಕಡಿಮೆ ಎಂಬುದನ್ನು ಮರೆಯುವಂತಿಲ್ಲ.

2020ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ಪರಾಮರ್ಶೆಯು 15 ಯಾದೃಚ್ಛಿಕ ನಿಯಂತ್ರಿತ ಪ್ರಯೋಗಗಳನ್ನು ಒಟ್ಟುಗೂಡಿಸಿತು. ಅವುಗಳಲ್ಲಿ ಭಾಗವಹಿಸಿದವರು 717 ಮಹಿಳೆಯರು. ವ್ಯಾಯಾಮದಿಂದ ದೈಹಿಕ ಹಾಗೂ ಮಾನಸಿಕ ಲಕ್ಷಣಗಳೆರಡೂ ತಗ್ಗಬಹುದು, ಆದರೆ ಪ್ರಯೋಗಗಳ ಗುಣಮಟ್ಟದಿಂದಾಗಿ ಅನಿಶ್ಚಿತತೆ ಉಳಿದಿದೆ ಎಂಬುದು ಅದರ ತೀರ್ಮಾನ. ಗುಣಮಟ್ಟದ ಪ್ರಶ್ನೆ ಇಲ್ಲಿ ಕೇವಲ ತಾಂತ್ರಿಕವಲ್ಲ. ಮಾತ್ರೆಯ ಪ್ರಯೋಗದಲ್ಲಿ ರೋಗಿಗೆ ತಿಳಿಯದಂತೆ ಹುಸಿಮದ್ದು ಕೊಡಬಹುದು. ವ್ಯಾಯಾಮದ ಪ್ರಯೋಗದಲ್ಲಿ ತಾನು ವ್ಯಾಯಾಮ ಮಾಡುತ್ತಿದ್ದೇನೆ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ಈ ಲಕ್ಷಣಕೂಟದಲ್ಲಿ ಹುಸಿಮದ್ದಿಗೂ ಗಣನೀಯ ಸುಧಾರಣೆ ಕಾಣುವುದರಿಂದ, ಕಂಡ ಲಾಭದಲ್ಲಿ ವ್ಯಾಯಾಮದ ಪಾಲೆಷ್ಟು, ನಿರೀಕ್ಷೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಹೀಗಿದ್ದರೂ ವೈದ್ಯಕೀಯ ಸಂಸ್ಥೆಗಳು ವ್ಯಾಯಾಮವನ್ನು ಶಿಫಾರಸು ಮಾಡುತ್ತವೆ. ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜಿನ ಮಾರ್ಗಸೂಚಿಯು ಅದನ್ನು ಮೊದಲ ಹಂತದ ಕ್ರಮಗಳಲ್ಲಿ ಸೇರಿಸಿದೆ. ಖರ್ಚು ಕಡಿಮೆ, ಅಪಾಯ ಕಡಿಮೆ, ಹೃದಯ, ಮೂಳೆ ಮತ್ತು ನಿದ್ರೆಗೆ ಆಗುವ ಪ್ರಯೋಜನ ಬೇರೆಯೇ ಸಿದ್ಧಪಟ್ಟಿದೆ ಎಂಬ ಲೆಕ್ಕಾಚಾರ ಇದರ ಹಿಂದಿದೆ.

ವ್ಯಾಯಾಮ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಹಲವು ವಿವರಣೆಗಳಿವೆ. ಎಂಡಾರ್ಫಿನ್‌ಗಳ ಬಿಡುಗಡೆ ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು, ಆದರೆ ಅತ್ಯಂತ ದೃಢವಾದುದೇನಲ್ಲ. ಒತ್ತಡದ ಹಾರ್ಮೋನುಗಳ ನಿಯಂತ್ರಣ, ಉರಿಯೂತದ ಇಳಿಕೆ ಮತ್ತು ನಿದ್ರೆಯ ಸುಧಾರಣೆ ಇತರ ಸಾಧ್ಯತೆಗಳು. ಮಲಬದ್ಧತೆ ಕಡಿಮೆಯಾಗುವುದರಿಂದ ಹೊಟ್ಟೆ ಉಬ್ಬರಕ್ಕೆ ಸಿಗುವ ಪರಿಹಾರವೂ ಅಲ್ಪವೇನಲ್ಲ.

ಯೋಗ

ಯೋಗವನ್ನು ಈ ತೊಂದರೆಗೆ ಪ್ರಾಚೀನ ಪರಿಹಾರವೆಂದು ವರ್ಣಿಸುವುದು ವಾಡಿಕೆ. ಆದರೆ ಇಂದು ತರಗತಿಗಳಲ್ಲಿ ಕಲಿಸುವ ಆಸನಕ್ರಮಗಳ ದೊಡ್ಡ ಭಾಗ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದರಲ್ಲಿಯೂ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ ಕೃತಿ 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಯೋಗಶಾಲೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹುಡುಗರು. ಹುರುಪಿನ ಕ್ರಮಗಳು ಅವರ ದೇಹಶಕ್ತಿಗೆ ತಕ್ಕಂತಿದ್ದವು. ರಷ್ಯಾ ಮೂಲದ ಇಂದ್ರಾದೇವಿ ಅಲ್ಲಿ ಕಲಿತ ಮೊದಲಿಗ ಮಹಿಳೆಯರಲ್ಲಿ ಒಬ್ಬರು.

ಕೃಷ್ಣಮಾಚಾರ್ಯರ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ ಪುಣೆಯಲ್ಲಿ ನೆಲೆಸಿ, ದಿಂಬು, ಕಂಬಳಿ, ಪಟ್ಟಿ, ಕುರ್ಚಿಗಳ ಆಧಾರದಿಂದ ಆಸನಗಳಲ್ಲಿ ದೀರ್ಘಕಾಲ ಇರುವ ವಿಧಾನವನ್ನು ಬೆಳೆಸಿದರು. ಅವರ ಮಗಳು ಗೀತಾ ಅಯ್ಯಂಗಾರ್ ಇದನ್ನು ಮಹಿಳೆಯರ ದೇಹಕ್ಕೆ, ಋತುಚಕ್ರದ ಹಂತಗಳಿಗೆ ಹೊಂದಿಸಿ ವಿವರವಾಗಿ ಬರೆದರು. ಮುಟ್ಟಿನ ಮೊದಲಿನ ದಿನಗಳಿಗೆ ಇಂದು ಸೂಚಿಸಲಾಗುವ ಆಧಾರಸಹಿತ ಆಸನಗಳ ಹಿಂದೆ ಅವರ ಕೆಲಸದ ಪ್ರಭಾವ ಗಾಢವಾಗಿದೆ.

ತೈವಾನಿನಲ್ಲಿ ಉದ್ಯೋಗಸ್ಥ ಮಹಿಳೆಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 64 ಮಂದಿ ಕೆಲಸದ ಸ್ಥಳದಲ್ಲಿಯೇ ವಾರಕ್ಕೆರಡು ಬಾರಿ 50 ನಿಮಿಷಗಳಂತೆ 12 ವಾರ ಯೋಗಾಭ್ಯಾಸ ಮಾಡಿದರು. ಹೊಟ್ಟೆ ಉಬ್ಬರ ಮತ್ತು ಸ್ತನನೋವು ಕಡಿಮೆಯಾದವು. ನೋವುಮಾತ್ರೆಯ ಬಳಕೆಯೂ ಇಳಿಯಿತು. ಹೋಲಿಕೆಗಾಗಿ ಯೋಗ ಮಾಡದ ಬೇರೊಂದು ಗುಂಪು ಇರಲಿಲ್ಲವಾದ್ದರಿಂದ ಈ ಫಲಿತಾಂಶವನ್ನು ಎಚ್ಚರದಿಂದಲೇ ಓದಬೇಕು. ಇರಾನಿನಲ್ಲಿ 92 ವಿದ್ಯಾರ್ಥಿನಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವು ಭುಜಂಗಾಸನ, ಮಾರ್ಜಾಲಾಸನ ಮತ್ತು ಮತ್ಸ್ಯಾಸನ ಎಂಬ ಮೂರೇ ಆಸನಗಳನ್ನು ಮುಟ್ಟಿಗೆ ಮೊದಲಿನ ದಿನಗಳಲ್ಲಿ ಮಾಡಿಸಿ, ಮುಟ್ಟುನೋವು ಕಡಿಮೆಯಾದುದನ್ನು ವರದಿ ಮಾಡಿತು. ಮುಟ್ಟಿನ ಪೂರ್ವ ಲಕ್ಷಣಗಳಿಗೆ ಯೋಗ ಮದ್ದು ಎನ್ನುವವರು ಇದನ್ನೂ ಉಲ್ಲೇಖಿಸುವುದುಂಟು. ಅದು ಅಳೆದದ್ದು ಮುಟ್ಟುನೋವನ್ನು.

ಆಸನಗಳಿಗಿಂತ ವಿಶ್ರಾಂತಿಯ ಭಾಗವೇ ಹೆಚ್ಚು ಫಲಕಾರಿಯೇ ಎಂಬ ಪ್ರಶ್ನೆಯೂ ಇದೆ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಐದು ತಿಂಗಳ ಪ್ರಯೋಗವೊಂದರಲ್ಲಿ, ದಿನವೂ ಕುಳಿತು ಉಸಿರು ಮತ್ತು ಒಂದು ಪದದ ಮೇಲೆ ಗಮನವಿಡುವ ವಿಶ್ರಾಂತಿ ವಿಧಾನವನ್ನು ಅನುಸರಿಸಿದವರು, ಬರಿದೇ ಓದುತ್ತಾ ಕುಳಿತವರಿಗಿಂತ ಹೆಚ್ಚು ಸುಧಾರಿಸಿದರು. ತೀವ್ರ ಲಕ್ಷಣವಿದ್ದವರಲ್ಲಿ ಈ ಅಂತರ ಸ್ಪಷ್ಟವಾಗಿತ್ತು. ಶವಾಸನ, ಯೋಗನಿದ್ರೆ ಮತ್ತು ನಿಧಾನ ಉಸಿರಾಟದ ಅಭ್ಯಾಸಗಳು ಈ ವಿಧಾನಕ್ಕೆ ಹತ್ತಿರವಾದವು. ಬಾಸ್ಟನ್ ವಿಶ್ವವಿದ್ಯಾಲಯದ ಕ್ರಿಸ್ ಸ್ಟ್ರೀಟರ್ ಮತ್ತು ಸಂಗಡಿಗರು ಯೋಗಾಭ್ಯಾಸದ ನಂತರ ಮಿದುಳಿನಲ್ಲಿ ಗಾಬಾ ಪ್ರಮಾಣ ಏರಿದ್ದನ್ನು 2010ರಲ್ಲಿ ವರದಿ ಮಾಡಿದ್ದಾರೆ. ಗಾಬಾ ವ್ಯವಸ್ಥೆಗೂ ಈ ಲಕ್ಷಣಗಳಿಗೂ ಇರುವ ನಂಟಿನಿಂದಾಗಿ ಇದು ಕುತೂಹಲಕರ. ಆದರೆ ಅವರು ಪರೀಕ್ಷಿಸಿದ್ದು ಆರೋಗ್ಯವಂತರನ್ನು.

ಅಭ್ಯಾಸದ ಕ್ರಮ

ಲಕ್ಷಣ ಕಾಣಿಸಿಕೊಂಡ ದಿನ ಮಾತ್ರ ಮಾಡುವ ವ್ಯಾಯಾಮದಿಂದ ಹೆಚ್ಚಿನ ಫಲವನ್ನು ನಿರೀಕ್ಷಿಸುವಂತಿಲ್ಲ. ಪ್ರಯೋಗಗಳಲ್ಲಿ ಪರಿಣಾಮ ಕಂಡದ್ದು ತಿಂಗಳಿಡೀ, ಎರಡು ಮೂರು ಚಕ್ರಗಳ ಕಾಲ ಮುಂದುವರಿಸಿದಾಗ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಈ ಲಕ್ಷಣಗಳಿಗೆಂದು ಪ್ರತ್ಯೇಕ ಪ್ರಮಾಣ ನಿಗದಿಯಾಗಿಲ್ಲವಾದ್ದರಿಂದ ಇದನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು. ವಾರದಲ್ಲಿ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆಯಿಂದ ಇದರ ಕೆಳಮಿತಿ ಪೂರೈಸುತ್ತದೆ. ಮಾತನಾಡಲು ಸಾಧ್ಯ, ಹಾಡಲು ಆಗದು ಎನ್ನುವಷ್ಟು ಏದುಸಿರು ಮಧ್ಯಮ ಶ್ರಮದ ಸುಲಭ ಗುರುತು.

ಸ್ರಾವಕ್ಕೆ ಮೊದಲಿನ ವಾರದಲ್ಲಿ ಆಯಾಸ, ಸ್ತನನೋವು ಹೆಚ್ಚಿದ್ದರೆ ಓಟ, ಹಗ್ಗದಾಟಗಳ ಬದಲು ಈಜು, ಸೈಕಲ್ ಅಥವಾ ನಡಿಗೆ ಅನುಕೂಲ. ಸರಿಯಾದ ಆಧಾರ ನೀಡುವ ಒಳಉಡುಪು ನೋವನ್ನು ಗಣನೀಯವಾಗಿ ತಗ್ಗಿಸುತ್ತದೆ. ತೀವ್ರತೆಯನ್ನು ಇಳಿಸುವುದರಿಂದ ನಷ್ಟವಿಲ್ಲ, ಪೂರ್ತಿ ನಿಲ್ಲಿಸಿದರೆ ಮತ್ತೆ ಆರಂಭಿಸುವುದು ಕಷ್ಟವಾಗುತ್ತದೆ.

ಯೋಗಾಭ್ಯಾಸಿಗಳು ಈ ದಿನಗಳಲ್ಲಿ ಹೆಚ್ಚಾಗಿ ಆಯ್ದುಕೊಳ್ಳುವುದು ಸುಪ್ತ ಬದ್ಧಕೋಣಾಸನವನ್ನು. ಬೆನ್ನಿನ ಕೆಳಗೆ ಉದ್ದಕ್ಕೆ ಮಡಚಿದ ಕಂಬಳಿ ಅಥವಾ ದಿಂಬನ್ನಿಟ್ಟು ಮಲಗಿ, ಅಂಗಾಲುಗಳನ್ನು ಜೋಡಿಸಿ, ಮಂಡಿಗಳನ್ನು ಎರಡೂ ಬದಿಗೆ ಸಡಿಲ ಬಿಡಲಾಗುತ್ತದೆ. ತೊಡೆಯ ಒಳಭಾಗ ಎಳೆದಂತಾದರೆ ಮಂಡಿಗಳ ಕೆಳಗೂ ದಿಂಬಿಡಬೇಕು. ಇಲ್ಲಿ ಬಯಸುವುದು ಎಳೆತವನ್ನಲ್ಲ, ಹೊಟ್ಟೆಯ ಸಡಿಲಿಕೆಯನ್ನು. ಐದರಿಂದ ಹತ್ತು ನಿಮಿಷ ಹೀಗಿರಬಹುದು. ಸೊಂಟ ಬಿಗಿದಿದ್ದಾಗ ಉಸಿರಿನ ಜೊತೆಗೆ ಬೆನ್ನನ್ನು ಏರಿಸಿ ಇಳಿಸುವ ಮಾರ್ಜಾಲಾಸನವೂ, ಹಣೆಗೆ ಆಧಾರ ಕೊಟ್ಟು ಮುಂದಕ್ಕೆ ಬಾಗುವ ಬಾಲಾಸನವೂ ಹಿತವೆನಿಸುತ್ತವೆ. ಸೇತುಬಂಧಾಸನವನ್ನು ಸೊಂಟದಡಿ ಗಟ್ಟಿ ಆಧಾರವಿಟ್ಟು ಮಾಡಬಹುದು. ಕಾಲುಗಳನ್ನು ಗೋಡೆಗೆ ಆನಿಸಿ ಮಲಗುವ ವಿಪರೀತಕರಣಿಯು ಪಾದದ ಊತವಿರುವವರಿಗೆ ಒಗ್ಗುತ್ತದೆ. ಭುಜಂಗಾಸನದಂತೆ ಬೋರಲು ಮಲಗಿ ಮಾಡುವ ಆಸನಗಳು ಸ್ತನನೋವು ಅಥವಾ ಉಬ್ಬರ ಇರುವಾಗ ಒತ್ತಡ ಉಂಟುಮಾಡಬಹುದು, ಅವನ್ನು ತಿಂಗಳ ಬೇರೆ ದಿನಗಳಿಗೆ ಮೀಸಲಿಡುವುದು ಲೇಸು. ಕೊನೆಯಲ್ಲಿ ನಾಡಿಶೋಧನ ಅಥವಾ ಭ್ರಾಮರಿ ಪ್ರಾಣಾಯಾಮ, ಬಳಿಕ ಹತ್ತು ನಿಮಿಷಗಳ ಶವಾಸನ. ಸಮಯ ಕಡಿಮೆಯಿದ್ದಾಗ ಜನ ಮೊದಲು ಕೈಬಿಡುವುದು ಶವಾಸನವನ್ನು, ಆದರೆ ಮೇಲೆ ಹೇಳಿದ ವಿಶ್ರಾಂತಿಯ ಪ್ರಯೋಗವನ್ನು ಗಮನಿಸಿದರೆ ಕೈಬಿಡಬಾರದ ಭಾಗ ಅದೇ.

ಮುಟ್ಟಿನ ದಿನಗಳಲ್ಲಿ ಅಭ್ಯಾಸ

ಕೆ. ಪಟ್ಟಾಭಿ ಜೋಯಿಸರಿಂದ ಮೈಸೂರಿನಲ್ಲಿ ಬೆಳೆದ ಅಷ್ಟಾಂಗ ವಿನ್ಯಾಸ ಪರಂಪರೆಯಲ್ಲಿ ಸ್ರಾವದ ಮೊದಲ ಕೆಲವು ದಿನ ಮಹಿಳೆಯರು ಅಭ್ಯಾಸಕ್ಕೆ ವಿರಾಮ ನೀಡುವ ರೂಢಿಯಿದೆ. ಅಯ್ಯಂಗಾರ್ ಪರಂಪರೆಯಲ್ಲಿ ಪೂರ್ಣ ವಿರಾಮದ ಬದಲು ಆಧಾರಸಹಿತ ಆಸನಗಳನ್ನು ಮಾಡಿಸಿ, ಶೀರ್ಷಾಸನ, ಸರ್ವಾಂಗಾಸನಗಳಂಥ ತಲೆಕೆಳಗಾದ ಆಸನಗಳನ್ನು ಬಿಡಿಸಲಾಗುತ್ತದೆ. ತಲೆಕೆಳಗಾದರೆ ರಕ್ತ ಹಿಮ್ಮುಖವಾಗಿ ಹರಿದು ಎಂಡೊಮೆಟ್ರಿಯೋಸಿಸ್ ಬರುತ್ತದೆಂಬ ವಿವರಣೆಗೆ ವೈದ್ಯಕೀಯ ಆಧಾರ ದೊರೆತಿಲ್ಲ. ಸ್ವಲ್ಪ ರಕ್ತ ಹಿಮ್ಮುಖವಾಗಿ ಹರಿಯುವುದು ಯೋಗ ಮಾಡದ ಬಹುಪಾಲು ಮಹಿಳೆಯರಲ್ಲಿಯೂ ಸಹಜ. ಗುರುತ್ವವೇ ಅನುಭವಕ್ಕೆ ಬಾರದ ಬಾಹ್ಯಾಕಾಶದಲ್ಲಿಯೂ ಗಗನಯಾತ್ರಿಗಳ ಮುಟ್ಟು ಎಂದಿನಂತೆ ನಡೆಯುತ್ತದೆ. ಆದ್ದರಿಂದ ಈ ನಿಯಮವನ್ನು ಪರಂಪರೆಯ ಆಯ್ಕೆಯೆಂದು ತಿಳಿಯಬಹುದೇ ಹೊರತು ವೈದ್ಯಕೀಯ ನಿಷೇಧವೆಂದಲ್ಲ. ಹಿತವೆನಿಸಿದರೆ ಆ ದಿನಗಳಲ್ಲಿಯೂ ವ್ಯಾಯಾಮ ಮಾಡಬಹುದು, ದಣಿವಿದ್ದರೆ ವಿಶ್ರಮಿಸಬಹುದು.

ಮಿತಿಗಳು ಮತ್ತು ಎಚ್ಚರಿಕೆಗಳು

ಈ ಸಲಹೆಗಳು ಬಹುಮಟ್ಟಿಗೆ ಕುಳಿತು ಕೆಲಸ ಮಾಡುವವರನ್ನು ಉದ್ದೇಶಿಸಿದವು. ಹೊಲದಲ್ಲಿ ನಾಟಿ ಮಾಡುವ, ಕಟ್ಟಡದ ಕೆಲಸದಲ್ಲಿ ಮಣ್ಣು ಹೊರುವ ಮಹಿಳೆಗೆ ಕೊರತೆಯಿರುವುದು ವ್ಯಾಯಾಮದ್ದಲ್ಲ, ವಿಶ್ರಾಂತಿಯದು. ಅವಳಿಗೆ ಯೋಗದ ನಿಶ್ಚಲ ಭಾಗವೇ ಹೆಚ್ಚು ಪ್ರಸ್ತುತ. ರಕ್ತಹೀನತೆಯ ಪ್ರಶ್ನೆಯೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿತ್ತು. ನಿರಂತರ ಆಯಾಸ, ಏದುಸಿರು, ತಲೆಸುತ್ತು ಇರುವವರು ವ್ಯಾಯಾಮ ಹೆಚ್ಚಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಥೈರಾಯ್ಡ್ ದೋಷವೂ ಇಂಥದೇ ಲಕ್ಷಣಗಳನ್ನು ತೋರಿಸಬಲ್ಲುದು. ಗರ್ಭಧಾರಣೆಯ ಆರಂಭದ ದಿನಗಳೂ ಹೀಗೆಯೇ ಭಾಸವಾಗುವುದರಿಂದ, ಮುಟ್ಟು ತಡವಾದಾಗ ಪರೀಕ್ಷಿಸಿಕೊಳ್ಳುವುದು ಅಗತ್ಯ.

ಅತಿ ವ್ಯಾಯಾಮವೂ ಅಪಾಯಕಾರಿ. ಆಹಾರ ಸಾಲದೆ ಕಠಿಣ ತರಬೇತಿ ನಡೆಸಿದರೆ ಅಂಡೋತ್ಸರ್ಗ ನಿಂತು ಮುಟ್ಟು ತಪ್ಪಬಹುದು. ಆಗ ಮುಟ್ಟಿನ ಪೂರ್ವ ಲಕ್ಷಣಗಳೂ ಇಲ್ಲವಾಗುತ್ತವೆ. ಅದನ್ನು ಗುಣವೆಂದು ಭ್ರಮಿಸಬಾರದು, ಏಕೆಂದರೆ ಈಸ್ಟ್ರೋಜೆನ್ ಕುಸಿದು ಮೂಳೆಗಳು ದುರ್ಬಲಗೊಳ್ಳುತ್ತವೆ. ಅಧಿಕ ರಕ್ತದೊತ್ತಡ, ಗ್ಲಾಕೋಮಾ ಅಥವಾ ಕುತ್ತಿಗೆಯ ತೊಂದರೆಯುಳ್ಳವರು ತಲೆಕೆಳಗಾದ ಆಸನಗಳನ್ನು ವೈದ್ಯರ ಸಲಹೆಯಿಲ್ಲದೆ ಮಾಡಬಾರದು.

ಡಿಸ್ಫೋರಿಕ್ ಅಸ್ವಸ್ಥತೆಯಿರುವ ಮಹಿಳೆಗೆ ‘ಯೋಗ ಮಾಡು, ಸರಿಹೋಗುತ್ತದೆ’ ಎನ್ನುವುದು ಚಿಕಿತ್ಸೆಯನ್ನು ಮುಂದೂಡುವ ಮಾತಾಗಬಹುದು. ಪ್ರತಿ ತಿಂಗಳೂ ತೀವ್ರ ಹತಾಶೆ ಆವರಿಸುವುದು, ಕೆಲಸಕ್ಕೆ ಹೋಗಲಾಗದಿರುವುದು, ಸಂಬಂಧಗಳು ಮುರಿಯುವ ಹಂತ ತಲಪುವುದು ಇದರ ಸೂಚನೆಗಳು. ಸೆರೊಟೋನಿನ್ ಸಂಬಂಧಿತ ಔಷಧಗಳನ್ನು ಪೂರ್ಣ ತಿಂಗಳು ಅಥವಾ ಮುಟ್ಟಿಗೆ ಮೊದಲಿನ ಎರಡು ವಾರ ಮಾತ್ರ ನೀಡುವ ಕ್ರಮವಿದೆ. ಕೆಲವು ಬಗೆಯ ಸಂಯುಕ್ತ ಗರ್ಭನಿರೋಧಕ ಮಾತ್ರೆಗಳು ಮತ್ತು ಅರಿವಿನ ವರ್ತನಾ ಚಿಕಿತ್ಸೆಯೂ ಬಳಕೆಯಲ್ಲಿವೆ. ಇವುಗಳ ಜೊತೆಗೆ ವ್ಯಾಯಾಮವನ್ನು ಮುಂದುವರಿಸಲು ಅಡ್ಡಿಯಿಲ್ಲ. ಬದುಕು ಬೇಡವೆಂಬ ಆಲೋಚನೆಗಳು ಆ ದಿನಗಳಲ್ಲಿ ಮಾತ್ರ ಬಂದು ಹೋಗುತ್ತಿದ್ದರೂ ಅದು ತುರ್ತು ಸ್ಥಿತಿಯೇ. ಭಾರತದಲ್ಲಿ ಇಂಥ ಸಂದರ್ಭಕ್ಕೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಲಭ್ಯವಿದ್ದು, ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ. 2022ರಲ್ಲಿ ಆರಂಭವಾದ ಈ ಸೇವೆಯ ಕೇಂದ್ರ ಸಂಸ್ಥೆಯಾಗಿ ಬೆಂಗಳೂರಿನ ನಿಮ್ಹಾನ್ಸ್ ಕಾರ್ಯ ನಿರ್ವಹಿಸುತ್ತಿದೆ.